ಕೊಡೈಕೆನಾಲ್ ಮಣ್ಣಿನ ಪಾದರಸ: ಕೆಜಿಗೆ 20 ಮಿಲಿಗ್ರಾಂ ಉಳಿದರೆ ಸಾಕಾ?

ಮಾಲತಿ ಲ್ಯಾಬ್
ಕೊಡೈಕೆನಾಲ್‌ನ ಥರ್ಮಾಮೀಟರ್ ಕಾರ್ಖಾನೆಯ ವಿಷಯ ಇಲ್ಲಿ ಆಗಾಗ ಬರುತ್ತದೆ. ಪ್ರತಿ ಸಲವೂ ಕಂಪನಿಯನ್ನು ಬೈಯುವುದರಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ಈ ಸಲ ಒಂದೇ ಪ್ರಶ್ನೆ ಇಟ್ಟುಕೊಳ್ಳೋಣ.

ಗೊತ್ತಿಲ್ಲದವರಿಗೆ ಹಿನ್ನೆಲೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್‌ನಲ್ಲಿದ್ದ ಥರ್ಮಾಮೀಟರ್ ಕಾರ್ಖಾನೆಯನ್ನು ಚೀಸ್‌ಬ್ರೋ ಪಾಂಡ್ಸ್ ಕಂಪನಿ 1980ರ ದಶಕದ ಮೊದಲ ವರ್ಷಗಳಲ್ಲಿ ಕೊಡೈಕೆನಾಲ್‌ಗೆ ತಂದಿತು. 1987ರಲ್ಲಿ ಆ ಕಂಪನಿ ಯೂನಿಲಿವರ್ ಪಾಲಾಯಿತು. ಮುಂದೆ ಕಾರ್ಖಾನೆ ಹಿಂದುಸ್ತಾನ್ ಲಿವರ್ ಕೈಗೆ ಬಂತು. ಪಾದರಸ ಹೊರದೇಶದಿಂದ ಬರುತ್ತಿತ್ತು, ತಯಾರಾದ ಥರ್ಮಾಮೀಟರ್ ಹೊರದೇಶಕ್ಕೇ ಹೋಗುತ್ತಿತ್ತು. 2001ರ ಮಾರ್ಚ್‌ನಲ್ಲಿ ಊರಿನ ಮೂಂಜಿಕಲ್‌ನ ಗುಜರಿ ಅಂಗಡಿಯಲ್ಲಿ ಪಾದರಸ ಅಂಟಿದ ಒಡೆದ ಗಾಜು ಟನ್‌ಗಟ್ಟಲೆ ಸಿಕ್ಕಿತು. ಊರವರು, ಪಳನಿ ಬೆಟ್ಟಗಳ ಸಂರಕ್ಷಣಾ ಮಂಡಳಿ ಮತ್ತು ಗ್ರೀನ್‌ಪೀಸ್ ಬೀದಿಗಿಳಿದರು. ಅದೇ ತಿಂಗಳು ಕಾರ್ಖಾನೆ ಮುಚ್ಚಿತು, ಮತ್ತೆ ತೆರೆಯಲಿಲ್ಲ. 2003ರಲ್ಲಿ ಸುಮಾರು 290 ಟನ್ ಪಾದರಸದ ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ವಾಪಸ್ ಕಳಿಸಿದರು.

ಉಳಿದದ್ದು ಮಣ್ಣು. ಕಾರ್ಖಾನೆಯ ಆವರಣದ ಮಣ್ಣನ್ನು ಕೆಜಿಗೆ 20 ಮಿಲಿಗ್ರಾಂ ಪಾದರಸದ ಮಟ್ಟಕ್ಕೆ ಇಳಿಸಿದರೆ ಸಾಕು ಅಂತ ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿತು. ಹೋರಾಟಗಾರರು ಒಪ್ಪಲಿಲ್ಲ. ನೀವೇನು ಹೇಳುತ್ತೀರಿ? 20 ಸಾಕಾ?

ಸೇಫ್ಟಿ ಸುರೇಶ
ಸಾಕು ಅನ್ನುವವನು ನಾನು. ಬೈಯುವ ಮೊದಲು ಪೂರ್ತಿ ಓದಿ.

ನಾನು ಕಾರ್ಖಾನೆಗಳ ಸುರಕ್ಷತೆಯ ಕೆಲಸದಲ್ಲಿರುವವನು. ಗುಜರಿ ಅಂಗಡಿಗೆ ಆ ಗಾಜು ಹೋದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ನಿಯಮ ಮೀರಿ ಮಾರಾಟವಾಗಿದೆ ಅಂತ ಕಂಪನಿಯೇ ಹೇಳಿದೆ. ಆದರೆ ಮಣ್ಣಿನ ಪ್ರಶ್ನೆ ಬೇರೆ. 20 ಅನ್ನುವುದು ಯಾರೋ ಸುಮ್ನೆ ಬರೆದ ಅಂಕಿಯಲ್ಲ. ಆ ಜಾಗದಲ್ಲಿ ಜನ ಮನೆ ಕಟ್ಟಿಕೊಂಡು ಬದುಕಿದರೂ ತೊಂದರೆ ಆಗಬಾರದು ಅಂತ ಲೆಕ್ಕ ಹಾಕಿ ಇಟ್ಟ ಮಿತಿ. ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ನೀರಿ ಅದರ ಕೆಲಸ ಮಾಡಿದೆ, ದೆಹಲಿ ಐಐಟಿಯವರೂ ನೋಡಿದ್ದಾರೆ. ಕೆನಡಾದಲ್ಲಿ ವಾಸದ ಜಾಗಕ್ಕೆ 6.6 ಇದೆ. ಒಂದೊಂದು ದೇಶದ್ದು ಒಂದೊಂದು ಅಂಕಿ.

ಇನ್ನೊಂದು ವಿಷಯ ಹೋರಾಟಗಾರರು ಹೇಳುವುದೇ ಇಲ್ಲ. ಆ ಜಾಗ ಇರುವುದು ಇಳಿಜಾರಿನಲ್ಲಿ, ಮರಗಳ ನಡುವೆ. 20ರ ಬದಲು 1 ಅಂತ ಹಠ ಹಿಡಿದರೆ ಅಗೆಯುವ ಮಣ್ಣು ಎಷ್ಟೋ ಪಟ್ಟು ಜಾಸ್ತಿ ಆಗುತ್ತದೆ. ಮರ ಕಡಿಯಬೇಕು, ಬೇರು ಕೀಳಬೇಕು. ಆಮೇಲೆ ಒಂದು ಜೋರು ಮಳೆ ಬಂದರೆ ಸಡಿಲವಾದ ಮಣ್ಣೆಲ್ಲ ಹಳ್ಳಕ್ಕೆ. ಪಾದರಸ ಹಳ್ಳಕ್ಕೆ ಹೋಗಬಾರದು ಅನ್ನುವುದೇ ತಾನೇ ಎಲ್ಲರ ಕಾಳಜಿ?

ಬೆಟ್ಟದ ಹುಡುಗಿ
ಸುರೇಶ್ ಸರ್, ಕೆನಡಾದ 6.6 ನಿಮ್ಮ 20ರ ಮೂರನೇ ಒಂದು ಭಾಗ. ಅದು ನಿಮ್ಮ ವಾದಕ್ಕೆ ಹೇಗೆ ಸಹಾಯ ಮಾಡುತ್ತದೆ?

ನಾನು ಶೋಲಾ ಕಾಡುಗಳ ಮೇಲೆ ಕೆಲಸ ಮಾಡುತ್ತೇನೆ. ಕೊಡೈಕೆನಾಲ್‌ನಲ್ಲೂ ಓಡಾಡಿದ್ದೇನೆ. ಕಾರ್ಖಾನೆ ಇರುವುದು ಬೆಟ್ಟದ ಏಣಿನ ಮೇಲೆ. ಅದರ ಕೆಳಗೇ ಪಾಂಬಾರ್ ಶೋಲಾ. ಅಲ್ಲಿ ಬಿದ್ದ ಮಳೆ ಪಾಂಬಾರ್ ಹಳ್ಳ ಸೇರಿ, ಕುಂಬಕ್ಕರೈ ಜಲಪಾತ ಇಳಿದು, ಪೆರಿಯಕುಳಂ ಕಡೆಯ ಬಯಲಿಗೆ ಹೋಗುತ್ತದೆ. ಕೊನೆಗೆ ವೈಗೈ. ಮನೆ ಕಟ್ಟಿಕೊಂಡು ಬದುಕುವವರಿಗೆ ಲೆಕ್ಕ ಹಾಕಿದ ಮಿತಿ ಅನ್ನುತ್ತೀರಲ್ಲ, ಅಲ್ಲೇ ನನ್ನ ತಕರಾರು. ಅಲ್ಲಿ ಯಾರೂ ಮನೆ ಕಟ್ಟುವುದಿಲ್ಲ. ಅಲ್ಲಿ ಇರುವುದು ಹಳ್ಳ, ಕಪ್ಪೆ, ಮೀನು, ನೂರಾರು ವರ್ಷದ ಕಾಡಿನ ಮಣ್ಣು. 2013ರಲ್ಲಿ ಸುತ್ತಲಿನ ಕಾಡನ್ನು ವನ್ಯಜೀವಿ ಧಾಮ ಅಂತ ಘೋಷಿಸಿದ್ದಾರೆ. ಮನುಷ್ಯನ ಮಗು ಅಂಗಳದಲ್ಲಿ ಆಡಿದರೆ ಎಷ್ಟು ಮಣ್ಣು ಬಾಯಿಗೆ ಹೋಗುತ್ತದೆ ಅನ್ನುವ ಲೆಕ್ಕ ಇಟ್ಟುಕೊಂಡು ಹಳ್ಳದ ಮೀನಿನ ಬಗ್ಗೆ ತೀರ್ಮಾನ ಮಾಡುವುದು ಹೇಗೆ?

ಕೆಮಿಸ್ಟ್ರಿ ಮೇಷ್ಟ್ರು
ಅಂಕಿಯನ್ನು ಸ್ವಲ್ಪ ಬೇರೆ ರೀತಿ ನೋಡೋಣ. ಕೆಜಿಗೆ 20 ಮಿಲಿಗ್ರಾಂ ಅಂದರೆ ಟನ್ ಮಣ್ಣಿಗೆ 20 ಗ್ರಾಂ. ಒಂದು ಜ್ವರದ ಥರ್ಮಾಮೀಟರಿನಲ್ಲಿ ಇರುವ ಪಾದರಸ ಸುಮಾರು ಒಂದು ಗ್ರಾಂ. ಹಾಗಾದರೆ "ಸ್ವಚ್ಛ" ಅಂತ ಸರ್ಟಿಫಿಕೇಟ್ ಕೊಟ್ಟ ಒಂದು ಟನ್ ಮಣ್ಣಿನಲ್ಲಿ ಇಪ್ಪತ್ತು ಥರ್ಮಾಮೀಟರಿನಷ್ಟು ಪಾದರಸ ಇರಬಹುದು. ಏನೂ ಕಲಬೆರಕೆ ಆಗದ ಮಣ್ಣಿನಲ್ಲಿ ಸಾಮಾನ್ಯವಾಗಿ ಕೆಜಿಗೆ 0.1 ಮಿಲಿಗ್ರಾಂಗಿಂತಲೂ ಕಡಿಮೆ ಇರುತ್ತದೆ.

ಸೇಫ್ಟಿ ಸುರೇಶ
ಮೇಷ್ಟ್ರೇ, ಲೆಕ್ಕ ಸರಿ, ಹೆದರಿಸುವ ರೀತಿ ಸರಿಯಿಲ್ಲ. ಥರ್ಮಾಮೀಟರಿನೊಳಗಿನದು ದ್ರವ, ಒಡೆದರೆ ಆವಿಯಾಗುತ್ತದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಇದ್ದದ್ದು ಗಂಧಕ, ಕೊಳೆತ ಎಲೆಗಳ ಸಾರದ ಜೊತೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅದು ಅಷ್ಟು ಸುಲಭವಾಗಿ ಎದ್ದು ಬರುವುದಿಲ್ಲ. ನೀವೇ ಮಕ್ಕಳಿಗೆ ಪಾಠ ಮಾಡುವವರು.

ಕೆಮಿಸ್ಟ್ರಿ ಮೇಷ್ಟ್ರು
ಪಾಠ ಮಾಡುವವನಾದ್ದರಿಂದಲೇ ಹೇಳುತ್ತೇನೆ, ಪಾಠದ ಉಳಿದ ಅರ್ಧವನ್ನೂ ಕೇಳಿ. ಅಂಟಿಕೊಂಡದ್ದು ಒಣ ಮಣ್ಣಿನಲ್ಲಿ ಇದ್ದಷ್ಟು ದಿನ ನೀವು ಹೇಳಿದ್ದು ನಿಜ. ಅದೇ ಮಣ್ಣು ಕೊಚ್ಚಿಕೊಂಡು ಹೋಗಿ ಹಳ್ಳದ ಗುಂಡಿಯಲ್ಲೋ ಕೆರೆಯ ತಳದಲ್ಲೋ ಕೆಸರಾಗಿ ಕೂತರೆ ಆಟ ಬದಲಾಗುತ್ತದೆ. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸ ಮಾಡುತ್ತವೆ. ಅದು ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋಗುತ್ತಾ ಹೆಚ್ಚುತ್ತದೆ. ನೀರಿನಲ್ಲಿ ಕಂಡೂ ಕಾಣದಷ್ಟು ಇದ್ದದ್ದು ದೊಡ್ಡ ಮೀನಿನ ಮಾಂಸದಲ್ಲಿ ಲಕ್ಷಗಟ್ಟಲೆ ಪಟ್ಟು ಆಗಬಹುದು. ಗರ್ಭಿಣಿ ತಿಂದರೆ ಮಗುವಿನ ಮೆದುಳಿಗೂ ತಲುಪುತ್ತದೆ.

ಹಾಗಾಗಿ ಮಣ್ಣಿನಲ್ಲಿ ಎಷ್ಟಿದೆ ಅನ್ನುವಷ್ಟೇ ಮುಖ್ಯ, ಆ ಮಣ್ಣು ಎಲ್ಲಿಗೆ ಹೋಗುತ್ತದೆ ಅನ್ನುವುದು.

ಪುಟ್ಟಸ್ವಾಮಿ ಮೈಸೂರು
ಇಷ್ಟೊಂದು ಹೆದರಬೇಕಾ? ನಾವು ಚಿಕ್ಕವರಿದ್ದಾಗ ಒಡೆದ ಥರ್ಮಾಮೀಟರಿನ ಪಾದರಸವನ್ನು ಅಂಗೈ ಮೇಲೆ ಉರುಳಿಸಿ ಆಡಿದ್ದೇವೆ. ಗಟ್ಟಿಮುಟ್ಟಾಗಿಯೇ ಇದ್ದೇನೆ.

ಮಾಲತಿ ಲ್ಯಾಬ್
ಪುಟ್ಟಸ್ವಾಮಿ ಅವರೇ, ಅಂಗೈ ಮೇಲಿನ ಪಾದರಸ ಚರ್ಮದೊಳಗೆ ಹೋಗುವುದು ಕಡಿಮೆ. ನುಂಗಿದರೂ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಅಪಾಯ ಇರುವುದು ಆವಿಯಲ್ಲಿ. ಉಸಿರಿನಲ್ಲಿ ಹೋದ ಪಾದರಸದ ಆವಿಯಲ್ಲಿ ನೂರಕ್ಕೆ 80ರಷ್ಟು ಮೈಯಲ್ಲಿ ನಿಲ್ಲುತ್ತದೆ. ನೀವು ಆಡಿದ್ದು ಒಂದು ಸಂಜೆ. ಕಾರ್ಮಿಕರು ದಿನಾ ಎಂಟು ಗಂಟೆ ಆ ಗಾಳಿಯಲ್ಲಿ ಇರುತ್ತಿದ್ದರು. ಕೆಲಸದ ಬಟ್ಟೆಯಲ್ಲೇ ಮನೆಗೆ ಹೋಗುತ್ತಿದ್ದೆವು ಅಂತಲೂ ಕೆಲವರು ಹೇಳಿದ್ದಾರೆ.

ಇನ್ನು ಮುಂದೆ ಒಡೆದರೆ ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ. ಕಿಟಕಿ ತೆಗೆದು, ಗಟ್ಟಿ ಕಾಗದದಿಂದ ಒಟ್ಟು ಮಾಡಿ, ಚೂರುಗಳನ್ನು ಟೇಪಿನಿಂದ ಎತ್ತಿ, ಬಿಗಿ ಮುಚ್ಚಳದ ಬಾಟಲಿಗೆ ಹಾಕಿ ಇಡಿ.

ಸೇಫ್ಟಿ ಸುರೇಶ
ಕಾರ್ಮಿಕರ ವಿಷಯ ಬಂದಿತಲ್ಲ, ಅದನ್ನೂ ನೇರವಾಗಿ ಮಾತಾಡೋಣ. ಲಖನೌದ ವಿಷವಿಜ್ಞಾನ ಸಂಸ್ಥೆ ಐಟಿಆರ್‌ಸಿ, ಅಹಮದಾಬಾದಿನ ಔದ್ಯೋಗಿಕ ಆರೋಗ್ಯ ಸಂಸ್ಥೆ ಎನ್‌ಐಒಎಚ್, ದೆಹಲಿಯ ಏಮ್ಸ್‌ನಂತಹ ಸಂಸ್ಥೆಗಳ ಪರಿಶೀಲನೆಯಲ್ಲಿ ಕಾಯಿಲೆಗೂ ಪಾದರಸಕ್ಕೂ ಸಂಬಂಧ ಸಾಬೀತಾಗಿಲ್ಲ ಅಂತ ಕಂಪನಿ ಮೊದಲಿನಿಂದ ಹೇಳುತ್ತಾ ಬಂದಿದೆ. ಇವೆಲ್ಲ ಸರ್ಕಾರಿ ಸಂಸ್ಥೆಗಳು. ಅವನ್ನು ನಂಬುವುದಿಲ್ಲ ಅಂದರೆ ಯಾರನ್ನು ನಂಬುತ್ತೀರಿ?

ಬೆಟ್ಟದ ಹುಡುಗಿ
2011ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯದ ಸಮಿತಿ ಮದ್ರಾಸ್ ಹೈಕೋರ್ಟಿಗೆ ಕೊಟ್ಟ ವರದಿಯನ್ನು ಯಾಕೆ ಬಿಟ್ಟಿರಿ? ಮಾಜಿ ಕಾರ್ಮಿಕರಷ್ಟೇ ಅಲ್ಲ, ಅವರ ಮಕ್ಕಳಿಗೂ ತೊಂದರೆ ಆಗಿರುವುದಕ್ಕೆ ಮೇಲ್ನೋಟದ ಪುರಾವೆ ಇದೆ ಅಂತ ಅದು ಹೇಳಿತ್ತು. ಅದೂ ಸರ್ಕಾರದ್ದೇ ಸಮಿತಿ. 2016ರ ಮಾರ್ಚ್‌ನಲ್ಲಿ 591 ಮಾಜಿ ಕಾರ್ಮಿಕರ ಜೊತೆ ಕಂಪನಿ ಒಪ್ಪಂದ ಮಾಡಿಕೊಂಡಿತು. ಕಾರ್ಖಾನೆ ಮುಚ್ಚಿ 15 ವರ್ಷ ಆದಮೇಲೆ. ಎಷ್ಟು ದುಡ್ಡು ಅಂತ ಬಹಿರಂಗ ಮಾಡಲಿಲ್ಲ.

ಸೇಫ್ಟಿ ಸುರೇಶ
ಮಾನವೀಯ ನೆಲೆಯಲ್ಲಿ ಕೊಟ್ಟದ್ದು. ತಪ್ಪು ಒಪ್ಪಿಕೊಂಡ ಹಾಗಲ್ಲ.

ಬೆಟ್ಟದ ಹುಡುಗಿ
ಅದೇ ನಾನು ಹೇಳುತ್ತಿರುವುದು ಸರ್.

ಕೆಮಿಸ್ಟ್ರಿ ಮೇಷ್ಟ್ರು
ಇಬ್ಬರೂ ವರದಿಗಳನ್ನು ಎದುರಾಬದುರು ನಿಲ್ಲಿಸುತ್ತಿದ್ದೀರಿ. ಪರೀಕ್ಷೆ ಯಾವಾಗ ಮಾಡಿದರು ಅನ್ನುವುದನ್ನು ನೋಡಿ. ಉಸಿರಿನಿಂದ ಒಳಗೆ ಹೋದ ಪಾದರಸ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಎರಡು ತಿಂಗಳು. ಒಂದು ವರ್ಷ ಕಳೆದರೆ ಮೂತ್ರದಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಕಾರ್ಖಾನೆ ಬಿಟ್ಟು ವರ್ಷಗಳಾದವರ ಮೂತ್ರದಲ್ಲಿ ಪಾದರಸ ಸಿಗಲಿಲ್ಲ ಅಂದರೆ ಅವರು ಯಾವತ್ತೂ ಪಾದರಸದ ಗಾಳಿ ಕುಡಿದಿಲ್ಲ ಅಂತ ಅರ್ಥವಲ್ಲ. ಕಿಡ್ನಿಗೆ, ನರಗಳಿಗೆ ಆದ ಪೆಟ್ಟು ಉಳಿಯಬಹುದು, ಪಾದರಸ ಮಾತ್ರ ಹೊರಟು ಹೋಗಿರುತ್ತದೆ. ಹಾಗಾಗಿ ಕೆಲಸ ಮಾಡುತ್ತಿದ್ದಾಗಿನ ದಾಖಲೆಗಳೇ ಮುಖ್ಯ. ಆ ದಾಖಲೆ ಇರುವುದು ಯಾರ ಕಪಾಟಿನಲ್ಲಿ? ಕೆಲಸ ಕೊಟ್ಟವರ ಕಪಾಟಿನಲ್ಲಿ.

ಥರ್ಮಲ್ ಕಾಲೋನಿ
ನಾನು ರಾಯಚೂರು ಶಕ್ತಿನಗರದವನು. ಒಂದು ಮುಚ್ಚಿಹೋದ ಥರ್ಮಾಮೀಟರ್ ಕಾರ್ಖಾನೆಗೆ ಇಪ್ಪತ್ತೈದು ವರ್ಷದಿಂದ ಇಷ್ಟೊಂದು ಮಾತು. ಕಲ್ಲಿದ್ದಲಿನಲ್ಲೂ ಪಾದರಸ ಇರುತ್ತದೆ, ಸುಟ್ಟರೆ ಚಿಮಣಿಯಿಂದ ಹೋಗುತ್ತದೆ. 2015ರಲ್ಲಿ ಇಡೀ ಜಗತ್ತಿನಲ್ಲಿ ಮನುಷ್ಯರ ಕೆಲಸದಿಂದ ಗಾಳಿಗೆ ಸೇರಿದ ಪಾದರಸ ಸುಮಾರು 2,220 ಟನ್ ಅಂತ ವಿಶ್ವಸಂಸ್ಥೆಯ ಲೆಕ್ಕ. ಅದರಲ್ಲಿ ನೂರಕ್ಕೆ 38ರಷ್ಟು ಸಣ್ಣಪುಟ್ಟ ಚಿನ್ನದ ಗಣಿಗಾರಿಕೆಯದ್ದು, 21ರಷ್ಟು ಕಲ್ಲಿದ್ದಲಿನದ್ದು. ಥರ್ಮಾಮೀಟರ್ ಯಾವ ಲೆಕ್ಕ? ನಮ್ಮಲ್ಲಿ ಉಷ್ಣ ಸ್ಥಾವರಗಳಿಗೆ ಪಾದರಸದ ಮಿತಿ ಅಂತ ಬಂದದ್ದೇ 2015ರ ಡಿಸೆಂಬರ್‌ನಲ್ಲಿ, ಒಂದು ಘನ ಮೀಟರ್ ಹೊಗೆಗೆ 0.03 ಮಿಲಿಗ್ರಾಂ. ಅಲ್ಲಿಯವರೆಗೆ ಮಿತಿಯೇ ಇರಲಿಲ್ಲ. ಕೊಡೈ ಬಗ್ಗೆ ಬಂದ ಹಾಗೆ ಅದರ ಬಗ್ಗೆ ರ‍್ಯಾಪ್ ಹಾಡು ಬಂದಿದೆಯಾ?

ಬೆಟ್ಟದ ಹುಡುಗಿ
ಬರಲಿ, ಬೇಡ ಅಂದವರು ಯಾರು? ಆದರೆ ಚಿಮಣಿಯಿಂದ ಹೋದದ್ದನ್ನು ವಾಪಸ್ ಹಿಡಿಯಲು ಯಾರಿಂದಲೂ ಆಗುವುದಿಲ್ಲ. ಕೊಡೈಕೆನಾಲ್‌ನದ್ದು ಒಂದು ಬೇಲಿಯೊಳಗೆ, ಇಂಥ ಕಡೆ ಇದೆ ಅಂತ ಗುರುತಿಸಬಹುದಾದ ಪಾದರಸ. ಯಾರದ್ದು ಅಂತಲೂ ಗೊತ್ತು. ಹೀಗೆ ಕೈಗೆ ಸಿಗುವುದನ್ನೇ ಅರ್ಧಂಬರ್ಧ ತೆಗೆದರೆ, ಕೈಗೆ ಸಿಗದ್ದರ ಬಗ್ಗೆ ಯಾವ ಬಾಯಲ್ಲಿ ಮಾತಾಡುವುದು?

ಆಮೇಲೆ, ಗಾಳಿಯ ಪಾಲು ಇಲ್ಲೂ ಇದೆ. ಹೈದರಾಬಾದಿನಲ್ಲಿರುವ ಅಣುಶಕ್ತಿ ಇಲಾಖೆಯ ಪ್ರಯೋಗಾಲಯದವರು ಕೊಡೈಕೆನಾಲ್‌ನ ಮರಗಳ ಮೇಲಿನ ಕಲ್ಲುಹೂವು, ಹಾವಸೆ ತೆಗೆದು ಪಾದರಸ ಅಳೆದು 2003ರಲ್ಲಿ ಪ್ರಕಟಿಸಿದರು. ಬೇರಿಲ್ಲದ ಇವು ಗಾಳಿಯಲ್ಲಿ ಬಂದದ್ದನ್ನು ಹಿಡಿದಿಟ್ಟುಕೊಳ್ಳುತ್ತವೆ. ಆಮೇಲೆ ಕೆರೆಯ ನೀರು, ಕೆಸರು, ಮೀನುಗಳನ್ನೂ ನೋಡಿದರು. ಮೀನಿನಲ್ಲಿ ಕೆಜಿಗೆ 120ರಿಂದ 290 ಮೈಕ್ರೋಗ್ರಾಂ. ಕೊಡೈ ಕೆರೆ ಇರುವುದು ಕಾರ್ಖಾನೆಯ ಇಳಿಜಾರಿನ ಕಡೆಗಲ್ಲ. ಹಳ್ಳದ ನೀರು ಅಲ್ಲಿಗೆ ಹರಿದು ಬರುವುದಿಲ್ಲ. ಹಾಗಾದರೆ ಗಾಳಿಯಲ್ಲೇ ಬಂದಿರಬೇಕು ಅಲ್ವಾ?

ಸೇಫ್ಟಿ ಸುರೇಶ
290 ಮೈಕ್ರೋಗ್ರಾಂ ಅಂದರೆ 0.29 ಮಿಲಿಗ್ರಾಂ. ಮೀನಿಗೆ ಬಹಳ ಕಾಲದಿಂದ ಬಳಸುತ್ತಿರುವ ಮಿತಿ 0.5. ಅಂದರೆ ತಿನ್ನಬಹುದಾದ ಮೀನು. ಅದನ್ನು ಹೇಳದೆ ಬರೀ ಅಂಕಿ ಕೊಟ್ಟರೆ ಓದುವವರು ಕೊಡೈ ಮೀನು ವಿಷ ಅಂದುಕೊಳ್ಳುತ್ತಾರೆ.

ಬೆಟ್ಟದ ಹುಡುಗಿ
ಬೆಟ್ಟದ ಮೇಲಿನ ಕೆರೆ. ಸುತ್ತಮುತ್ತ ಪಾದರಸ ಬಳಸುವ ಬೇರೆ ಕಾರ್ಖಾನೆ ಇಲ್ಲ. ಅಲ್ಲಿಯ ಮೀನಿನಲ್ಲಿ ಮಿತಿಯ ಅರ್ಧ ದಾಟಿದೆ ಅನ್ನುವುದು ನಿಮಗೆ ಸಮಾಧಾನದ ವಿಷಯವಾದರೆ ನಾನೇನು ಹೇಳಲಿ.

ಕಡಲ ತಡಿಯವ
ಕಾರವಾರದಿಂದ ಬರೆಯುತ್ತಿದ್ದೇನೆ. ಪಾದರಸ ಅಂದರೆ ಎಲ್ಲರೂ ಕೊಡೈಗೆ ಓಡುತ್ತೀರಿ. ನಮ್ಮ ಪಕ್ಕದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆ. ಮೊದಲು ಅಲ್ಲಿ ಪಾದರಸದ ಸೆಲ್ ಇತ್ತು. ಉಪ್ಪುನೀರಿಗೆ ಕರೆಂಟ್ ಹಾಯಿಸಿದರೆ ಸೋಡಿಯಂ ಹೋಗಿ ಪಾದರಸಕ್ಕೆ ಅಂಟುತ್ತದೆ. ಅದನ್ನು ನೀರಿಗೆ ಬಿಟ್ಟರೆ ಕಾಸ್ಟಿಕ್ ಸೋಡಾ ಸಿಗುತ್ತದೆ, ಪಾದರಸ ಮತ್ತೆ ಸುತ್ತು ಹೊಡೆಯಲು ಹೋಗುತ್ತದೆ. ಪ್ರತಿ ಸುತ್ತಿನಲ್ಲೂ ಗಾಳಿಗೆ, ನೀರಿಗೆ, ಕೆಸರಿಗೆ ಅಷ್ಟಿಷ್ಟು ನಷ್ಟ. ಆ ಕಾರ್ಖಾನೆಯ ಹತ್ತಿರದ ಸಮುದ್ರದಲ್ಲಿ ಪಾದರಸ ಅಳೆದು ವಿಜ್ಞಾನಿಗಳು 1990ರಲ್ಲೇ ಪ್ರಬಂಧ ಬರೆದಿದ್ದರು.

ಈಗ ಪಾದರಸ ಇಲ್ಲ, ಅದರ ಬದಲು ಮೆಂಬ್ರೇನ್, ಅಂದರೆ ತೆಳು ಪೊರೆಯ ಸೆಲ್ ಬಂದಿದೆ. ಒಳ್ಳೆಯದೇ. ದೇಶದ ಕಾಸ್ಟಿಕ್ ಕಾರ್ಖಾನೆಗಳೆಲ್ಲ 2012ರೊಳಗೆ ಪಾದರಸ ಬಿಡಬೇಕು ಅಂತ 2003ರಲ್ಲಿ ಸರ್ಕಾರದ ಜೊತೆ ಒಪ್ಪಂದ ಆಗಿತ್ತು. ನನ್ನ ಪ್ರಶ್ನೆ ಇಷ್ಟೇ. ಮಷೀನ್ ಬದಲಾದ ಮೇಲೆ ಹಳೆಯ ಸೆಲ್ ಹಾಲ್‌ಗಳ ಕೆಳಗಿನ ನೆಲ, ಹೊರಗಿನ ಕೆಸರು ಎಲ್ಲ ಎಷ್ಟು ಶುದ್ಧವಾಗಬೇಕು ಅಂತ ದೇಶದಲ್ಲಿ ಎಲ್ಲಿಯಾದರೂ ಕೊಡೈನಷ್ಟು ಜೋರಾಗಿ ಚರ್ಚೆ ಆಗಿದೆಯಾ? ಕೊಡೈನವರಿಗೆ ಕನಿಷ್ಠ ಜಗಳ ಆಡಲು ಒಂದು ಅಂಕಿಯಾದರೂ ಸಿಕ್ಕಿತು.

ಸೇಫ್ಟಿ ಸುರೇಶ
ಇದು ಸರಿಯಾದ ಮಾತು. ಕೊಡೈನಲ್ಲಿ 20ಕ್ಕೆ ಒಪ್ಪಿ ಬೇಗ ಕೆಲಸ ಮುಗಿಸಿದ್ದರೆ ಅದೇ ಮಾದರಿಯನ್ನು ಬೇರೆ ಕಡೆಗೂ ಒಯ್ಯಬಹುದಿತ್ತು. ವಿಧಾನವೇನೂ ಗುಟ್ಟಲ್ಲ. ಮಣ್ಣು ತೊಳೆಯುತ್ತಾರೆ, ದಪ್ಪ ಮರಳು ಬೇರೆಯಾಗುತ್ತದೆ, ಪಾದರಸ ಜಾಸ್ತಿ ಇರುವ ನಯವಾದ ಭಾಗವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಪಾದರಸವನ್ನು ಆವಿ ಮಾಡಿ, ತಣ್ಣಗೆ ಮಾಡಿ ಹಿಡಿಯುತ್ತಾರೆ. ಇಷ್ಟಕ್ಕೆ ವರ್ಷಗಟ್ಟಲೆ ಮಂಡಳಿ, ಕೋರ್ಟು, ಹಸಿರು ನ್ಯಾಯಮಂಡಳಿ ಅಂತ ಅಲೆದಾಟ. ಅಷ್ಟೂ ವರ್ಷ ಮಣ್ಣು ಮಳೆಗೆ ತೋಯುತ್ತಾ ಕೂತಿತ್ತು. ಕಟ್ಟುನಿಟ್ಟಾದ ಅಂಕಿಗಾಗಿ ಕಾದದ್ದಕ್ಕೂ ಒಂದು ಬೆಲೆ ಇದೆ, ಅದನ್ನು ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ.

ಮಾಲತಿ ಲ್ಯಾಬ್
ತಡ ಆದದ್ದಕ್ಕೆ ಊರವರನ್ನು ದೂರುವುದು ನನಗೆ ಒಪ್ಪಿಗೆ ಇಲ್ಲ. ಆದರೆ ಮಳೆಯ ಮಾತು ನಿಜ.

ಕೆಮಿಸ್ಟ್ರಿ ಮೇಷ್ಟ್ರು
ಬೇಗ ಮುಗಿಸುವುದು ಅಂದಾಗ ನನಗೆ ಮಿನಮಾಟ ನೆನಪಾಗುತ್ತದೆ. ಜಪಾನಿನ ಚಿಸ್ಸೋ ಕಾರ್ಖಾನೆ ಅಸಿಟಾಲ್ಡಿಹೈಡ್ ಮಾಡಲು ಪಾದರಸ ಬಳಸಿ, ಕೊಳಚೆಯನ್ನು ಕೊಲ್ಲಿಗೆ ಬಿಡುತ್ತಿತ್ತು. ಅಲ್ಲಿಯ ಮೀನು ತಿಂದವರಿಗೆ ಬಂದ ನರಗಳ ಕಾಯಿಲೆ 1956ರ ಮೇ 1ರಂದು ಅಧಿಕೃತವಾಗಿ ದಾಖಲಾಯಿತು. 1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದವರು ಸಾವಯವ ಪಾದರಸವೇ ಕಾರಣ ಅಂದರು. ಅದೇ ವರ್ಷ ಕಾರ್ಖಾನೆಯ ಆಸ್ಪತ್ರೆಯ ಡಾಕ್ಟರ್ ಹೊಸೊಕಾವಾ ಹಾಜಿಮೆ ಆ ಕೊಳಚೆಯನ್ನು ಬೆರೆಸಿದ ಊಟವನ್ನು ಬೆಕ್ಕಿಗೆ ತಿನ್ನಿಸಿ ನೋಡಿದರು. 400ನೇ ನಂಬರಿನ ಬೆಕ್ಕಿಗೆ ಅದೇ ಕಾಯಿಲೆ ಬಂತು. ಕಂಪನಿ ಆ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ. ಅದರ ಬದಲು ವರ್ಷದ ಕೊನೆಯಲ್ಲಿ ಸೈಕ್ಲೇಟರ್ ಅನ್ನುವ ಶುದ್ಧೀಕರಣ ಯಂತ್ರ ಹಾಕಿ ಸಮಾರಂಭ ಮಾಡಿತು. ಅದು ಸಾವಯವ ಪಾದರಸ ತೆಗೆಯಲು ಮಾಡಿದ ಯಂತ್ರವೇ ಅಲ್ಲ. ಜನ ಸಮಸ್ಯೆ ಮುಗಿಯಿತು ಅಂದುಕೊಂಡು ಮತ್ತೆ ಮೀನು ತಿಂದರು. ಪಾದರಸದ ಕೆಲಸ ನಿಂತದ್ದು 1968ರಲ್ಲಿ.

ಸುರೇಶ್, ಕೊಡೈ ಮಿನಮಾಟ ಅಲ್ಲ, ಅದು ನನಗೂ ಗೊತ್ತು. ಅಲ್ಲಿ ನೇರವಾಗಿ ಮೀಥೈಲ್ ಪಾದರಸವೇ ಕಡಲಿಗೆ ಹೋಯಿತು. ನಾನು ಹೇಳುವುದು ಬೇರೆ. ಮುಗಿಯಿತು ಅಂತ ಒಂದು ಸಲ ಘೋಷಿಸಿದರೆ ಆಮೇಲೆ ಯಾರೂ ಅಳೆಯುವುದಿಲ್ಲ.

ಸೇಫ್ಟಿ ಸುರೇಶ
ಆಮೇಲೂ ಅಳೆಯಬೇಕು ಅನ್ನುವುದಕ್ಕೆ ನನ್ನ ವಿರೋಧವೇ ಇಲ್ಲ. ನೆಲದ ಅಂಕಿಗೆ ಜಗಳ ಆಡುವ ಬದಲು ಅದನ್ನು ಕೇಳಿ. 20ಕ್ಕೆ ಕೆಲಸ ಮುಗಿಸಲಿ, ದೊಡ್ಡ ಮರಗಳನ್ನು ಮುಟ್ಟುವುದು ಬೇಡ, ಇಳಿಜಾರಿನಲ್ಲಿ ಹೂಳು ಹಿಡಿಯುವ ತಡೆಗಳಿರಲಿ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಹಳ್ಳದ ಕೆಸರು ಅಳೆದು ಬಹಿರಂಗ ಮಾಡಲಿ. ಖರ್ಚು ಕಂಪನಿಯದ್ದು, ಅಳೆಯುವವರು ಹೊರಗಿನವರು.

ಬೆಟ್ಟದ ಹುಡುಗಿ
ಎಷ್ಟು ವರ್ಷ?

ಸೇಫ್ಟಿ ಸುರೇಶ
ಹತ್ತು.

ಬೆಟ್ಟದ ಹುಡುಗಿ
ಕಾರ್ಖಾನೆ ನಡೆದದ್ದೇ ಅದಕ್ಕಿಂತ ಜಾಸ್ತಿ. ಅದೂ ಬರೀ ಹಳ್ಳದ ಕೆಸರಾ? ಅಳೆದು ಜಾಸ್ತಿ ಬಂದರೆ ಏನು ಮಾಡಬೇಕು ಅನ್ನುವುದೂ ಮೊದಲೇ ಬರೆದಿರಬೇಕು. ಇಲ್ಲದಿದ್ದರೆ ವರದಿ ಬರುತ್ತದೆ, ಫೈಲಿಗೆ ಹೋಗುತ್ತದೆ. ಬೇಲಿಯೊಳಗಿನ ಖಾಲಿ ಜಾಗಕ್ಕೆ ನಿಮ್ಮ 20 ಇರಲಿ ಅಂತಲೇ ಇಟ್ಟುಕೊಳ್ಳೋಣ. ಹಳ್ಳದ ಕಡೆಗೆ ಇಳಿಯುವ ಅಂಚಿಗೆ ಅದೇ ಅಂಕಿ ಯಾಕೆ? ಅಲ್ಲಿಗೆ ಬೇರೆ, ಇನ್ನೂ ಕಡಿಮೆ ಮಿತಿ ಇಟ್ಟು, ಮರ ಇದ್ದ ಕಡೆ ಕೈಯಲ್ಲಿ ಅಗೆಯಲಿ. ನಿಧಾನ ಆಗುತ್ತದೆ, ದುಬಾರಿ ಆಗುತ್ತದೆ. ಆಗಲಿ.

ಸೇಫ್ಟಿ ಸುರೇಶ
ಎರಡು ಮಿತಿ ಅಂದರೆ ಗುತ್ತಿಗೆದಾರ ಸುಲಭದ್ದನ್ನೇ ಮಾಡುತ್ತಾನೆ. ಸೈಟಿನಲ್ಲಿ ನಿಂತು ನೋಡಿದವನು ಹೇಳುತ್ತಿದ್ದೇನೆ. ಅಂಚಿಗೆ ಬೇರೆ ಮಿತಿ ಬೇಕು ಅಂದರೆ ಅದನ್ನು ಬೇರೆ ಟೆಂಡರ್ ಮಾಡಿ, ಬೇರೆಯವರಿಗೆ ಕೊಡಬೇಕು.

ಪುಟ್ಟಸ್ವಾಮಿ ಮೈಸೂರು
ಅಂದರೆ ಒಪ್ಪಿದ ಹಾಗಾಯಿತಾ?

ಸೇಫ್ಟಿ ಸುರೇಶ
ಇಲ್ಲ.

ಕೆಮಿಸ್ಟ್ರಿ ಮೇಷ್ಟ್ರು
ಅಳೆಯುವ ಮಾತು ಮುಂದುವರಿಸುವುದಾದರೆ ಎರಡು ವಿಷಯ ಬರೆದಿಟ್ಟುಕೊಳ್ಳಿ. ಕೆಸರಿನಲ್ಲಿ ಒಟ್ಟು ಪಾದರಸ ಮಾತ್ರ ಅಳೆದರೆ ಅರ್ಧ ಕಥೆ, ಮೀಥೈಲ್ ಪಾದರಸವನ್ನು ಬೇರೆಯಾಗಿ ಅಳೆಯಬೇಕು. ಎರಡನೆಯದು, ಕಾರ್ಖಾನೆಯ ಗೋಡೆಯ ಹತ್ತಿರ ಅಳೆದರೆ ಮೀಥೈಲ್ ಹೆಚ್ಚು ಸಿಗುವುದಿಲ್ಲ. ಅಲ್ಲಿ ನೀರು ಜೋರಾಗಿ ಇಳಿಯುತ್ತದೆ, ಕೆಸರು ನಿಲ್ಲುವುದಿಲ್ಲ. ನೀರು ನಿಧಾನವಾಗುವ ಕಡೆ ನೋಡಬೇಕು. ಕುಂಬಕ್ಕರೈ ಕೆಳಗಿನ ಗುಂಡಿಗಳು, ಬಯಲಿನ ಕೆರೆಗಳು. ಅಲ್ಲಿಯ ಬೇರೆ ಮೀನು ತಿನ್ನುವ ಮೀನುಗಳು ಯಾವುವು ಅಂತ ಬೆಟ್ಟದ ಹುಡುಗಿ ಹೇಳಬೇಕು.

ಬೆಟ್ಟದ ಹುಡುಗಿ
ಕೆರೆಗಳಲ್ಲಾದರೆ ಕೊರವ ಸಿಗುತ್ತದೆ ಮೇಷ್ಟ್ರೇ. ಜನ ಹಿಡಿದು ತಿನ್ನುವ ಮೀನು ಕೂಡ ಅದೇ.